ಕೊಸರಿಗೆ ಲೆಕ್ಕವಿಲ್ಲ

ನಲ್ಲೂರಿನ ಹುಣಸೆ ತೋಪು ದಾಟಿ ಎರಡು ಮೈಲಿ ಹೋದರೆ ಸಿಗುವ ಹಳ್ಳಿಯಲ್ಲಿ ಹಾಲಿನ ಡೇರಿಯ ಕಾರ್ಯದರ್ಶಿ ಬೈರಣ್ಣನ ನ್ಯಾಯವೆಂದರೆ ಊರವರಿಗೆಲ್ಲ ಗೌರವ, ಅವನ ಮನೆಯವರಿಗೆ ಮಾತ್ರ ದಿಗಿಲು. ಮೂವತ್ತು ವರ್ಷದಿಂದ ಊರಿನ ಹಾಲು ಅಳೆದವನು. ಯಾರ ಕ್ಯಾನಿಗೂ ಒಂದು ಹನಿ ಹೆಚ್ಚು ಬರೆದವನಲ್ಲ, ಒಂದು ಹನಿ ಕಡಿಮೆ ಬರೆದವನೂ ಅಲ್ಲ. ಆದರೆ ಸರದಿಯಲ್ಲಿ ಅವನ ಹೆಂಡತಿ ಆದಿಲಕ್ಷ್ಮಮ್ಮ ಬಂದು ನಿಂತರೆ ಸಾಕು, ಮನುಷ್ಯನ ಹುಬ್ಬು ಗಂಟಿಕ್ಕಿಕೊಳ್ಳುತ್ತಿತ್ತು. ಬೇರೆಯವರ ಹಾಲಿನಲ್ಲಿ ಒಂದು ಸಲ ಮುಳುಗುವ ಲ್ಯಾಕ್ಟೋಮೀಟರು ಅವಳ ಹಾಲಿನಲ್ಲಿ ಮೂರು ಸಲ ಮುಳುಗುತ್ತಿತ್ತು. ಹಿಂದೆ ನಿಂತವರೆಲ್ಲ ಕತ್ತು ಉದ್ದ ಮಾಡಿ ನೋಡುವ ತನಕ ಅವನಿಗೆ ಸಮಾಧಾನವಿಲ್ಲ.

ಒಂದು ಸಲ ಡೇರಿಗೆ ಮೇವು ಕತ್ತರಿಸುವ ಯಂತ್ರ ಬಂತು. ಯಂತ್ರ ಒಂದೇ, ಮನೆಗಳು ನಲವತ್ತು. ಚೀಟಿ ಎತ್ತಿದರೆ ಬಂದದ್ದು ಆದಿಲಕ್ಷ್ಮಮ್ಮನ ಹೆಸರು. ಬೈರಣ್ಣ ಓದಿದ, ಬೆವರಿದ, ಚೀಟಿಯನ್ನು ಮಡಚಿ ಮತ್ತೆ ಡಬ್ಬಕ್ಕೆ ಹಾಕಿ ಕುಲುಕಿ ಇನ್ನೊಂದು ಎತ್ತಿದ. "ನಾಳೆ ನಾಲ್ಕು ಜನ ನಾಲ್ಕು ಮಾತಾಡ್ಬಾರ್ದಲ್ವಾ" ಎಂದ. ಊರವರು ಚಪ್ಪಾಳೆ ತಟ್ಟಿದರು. ಆದಿಲಕ್ಷ್ಮಮ್ಮ ಅಂದು ಸಂಜೆಯೂ ಕುಡುಗೋಲಿನಲ್ಲೇ ಹುಲ್ಲು ಕತ್ತರಿಸಿದಳು. ಊಟಕ್ಕೆ ಕೂತ ಗಂಡನ ತಟ್ಟೆಗೆ ಅವಳು ಮುದ್ದೆ ಇಟ್ಟ ಸದ್ದು ಪಕ್ಕದ ಮನೆಗೂ ಕೇಳಿಸಿತಂತೆ.

ಇಂಥ ಮನೆಗೆ ಪೋಕರ್ ಆಟವನ್ನು ತಂದವಳು ಮಗಳು ಶಾಮಲಾ. ದೇವನಹಳ್ಳಿಯ ಏರ್‌ಪೋರ್ಟ್ ರಸ್ತೆಯ ಹೋಟೆಲೊಂದರಲ್ಲಿ ಕೆಲಸ. ಅಲ್ಲಿಯ ಸಿಬ್ಬಂದಿಯ ಪಾರ್ಟಿಯಲ್ಲಿ ಕಲಿತು ಬಂದು, ಕರೆಂಟಿಲ್ಲದ ಒಂದು ಮಧ್ಯಾಹ್ನ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೇಳಿಕೊಟ್ಟಳು. ಪ್ರತಿಯೊಬ್ಬರಿಗೂ ಎರಡೆರಡು ಎಲೆ, ಅವನ್ನು ಯಾರಿಗೂ ತೋರಿಸಬಾರದು. ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಅವು ಮೂರು ಕಂತಿನಲ್ಲಿ ತೆರೆದುಕೊಳ್ಳುತ್ತವೆ. ಒಂದೊಂದು ಕಂತಿಗೂ ಪಣ ಒಡ್ಡಬೇಕು, ಇಲ್ಲವೇ ಎಲೆ ಬಿಟ್ಟು ಸುಮ್ಮನಿರಬೇಕು. ಕೈಯಲ್ಲಿ ಏನೂ ಇಲ್ಲದಿದ್ದರೂ ಎಲ್ಲಾ ಇದ್ದವರ ಹಾಗೆ ಮುಖ ಮಾಡಿಕೊಂಡು ಕೂರುವುದೇ ಅದರ ವಿದ್ಯೆ.

ಬೈರಣ್ಣನಿಗೆ ಆ ವಿದ್ಯೆ ಕೊನೆಗೂ ಹತ್ತಲಿಲ್ಲ. ಎಕ್ಕ ಬಂದರೆ ಅವನ ಕಿವಿ ಕೆಂಪಾಗುತ್ತಿತ್ತು. ಆದಿಲಕ್ಷ್ಮಮ್ಮನಿಗೆ ಮಾತ್ರ ಅರ್ಧ ಗಂಟೆಯಲ್ಲಿ ಕರಗತ. ಒಳಗೆ ಏನು ಕುದಿಯುತ್ತಿದೆಯೆಂದು ಮುಖದಲ್ಲಿ ತೋರಿಸದೆ ಮೂವತ್ತೊಂದು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಇಸ್ಪೀಟಿನ ಎರಡು ಎಲೆ ಬಚ್ಚಿಡುವುದು ಯಾವ ಮಹಾ ಕೆಲಸ?

ಹಾಗೆ ಶುರುವಾದದ್ದು ವರ್ಷಕ್ಕೊಂದು ಪಂದ್ಯವಾಯಿತು. ಬೈರಣ್ಣನ ಮನೆಯ ಮುಂದಿನ ಶೀಟಿನ ಚಪ್ಪರದಲ್ಲಿ ಒಂದು ಭಾನುವಾರ, ಬೆಳಗಿನ ಹಾಲು ಮುಗಿದ ಮೇಲೆ ಶುರು, ಸಂಜೆಯ ಹಾಲಿನ ಹೊತ್ತಿಗೆ ಮುಕ್ತಾಯ. ಎಂಟು ಜನ ಆಟಗಾರರು. ಗೆದ್ದವರಿಗೆ ಶಾಮಲಾ ಕೊಂಡು ತಂದ, ಎರಡು ಕಿವಿಯ, ಹಳದಿ ಬಣ್ಣದ ಒಂದು ಬಹುಮಾನದ ಕಪ್ಪು. ಅದು ಒಂದು ವರ್ಷ ಗೆದ್ದವರ ಮನೆಯಲ್ಲಿರಬೇಕು.

ಬೈರಣ್ಣ ಆಡುತ್ತಿರಲಿಲ್ಲ. ಆಡಿ ಗೆದ್ದರೆ ಜನ ಅನುಮಾನ ಪಡುತ್ತಾರೆ, ಸೋತರೆ ಬೇಕೆಂದೇ ಸೋತ ಎನ್ನುತ್ತಾರೆ. ಆದ್ದರಿಂದ ಅವನು ತೀರ್ಪುಗಾರ. ಮೊದಲನೆಯ ದಿನವೇ ಎದ್ದು ನಿಂತು ಘೋಷಿಸಿದ್ದ: "ನೋಡ್ರಪ್ಪಾ, ದುಡ್ಡಿನ ಮಾತು ಯಾರೂ ಎತ್ತಂಗಿಲ್ಲ. ದುಡ್ಡಿಟ್ರೆ ಜೀಪು ಬರ್ತದೆ, ಜೀಪು ಬಂದ್ರೆ ಡೇರಿ ಮಾನ ಹೋಗ್ತದೆ. ಆಡಾದೆಲ್ಲಾ ಹುಣಸೆ ಬೀಜದಲ್ಲಿ. ತಲೆಗೆ ಐವತ್ತು ಬೀಜ."

ಹುಣಸೆ ಬೀಜಕ್ಕೆ ಆ ಸೀಮೆಯಲ್ಲಿ ಬರವೇ? ಮೊದಲ ವರ್ಷ ಮಧ್ಯಾಹ್ನದ ಹೊತ್ತಿಗೆ ನಾನೂರು ಇರಬೇಕಾದ ಬೀಜ ನಾನೂರ ಹದಿನೇಳಾಗಿತ್ತು. ಜೇಬು ತಡಕಿದಾಗ ಹಳೆಯ ದನದ ದಲ್ಲಾಳಿ ಅಪ್ಪಯ್ಯಣ್ಣನ ಅಂಗಿಯಲ್ಲಿ ಇನ್ನೂ ಒಂದು ಹಿಡಿ ಸಿಕ್ಕಿತು. "ಹುರ್ಕೊಂಡು ತಿನ್ನಾಕೆ ತಂದಿದ್ದೆ ಕಣ್ಲಾ" ಎಂದ ಮುದುಕ, ಬಾಯಲ್ಲಿ ನಾಲ್ಕೇ ಹಲ್ಲಿಟ್ಟುಕೊಂಡು. ಮರುವರ್ಷದಿಂದ ಒಂದೊಂದು ಬೀಜಕ್ಕೂ ಶಾಮಲಾಳ ಉಗುರು ಬಣ್ಣದ ಕೆಂಪು ಚುಕ್ಕೆ ಬಿತ್ತು. ನಾನೂರು ಬೀಜಕ್ಕೆ ಚುಕ್ಕೆ ಇಟ್ಟವನು ಬೈರಣ್ಣನೇ. ವಾರವಿಡೀ ಅವನ ಬೆರಳು ಮದುವಣಗಿತ್ತಿಯ ಬೆರಳಿನ ಹಾಗಿತ್ತು.

ನಿಯಮಗಳೆಲ್ಲ ಹೀಗೆಯೇ ಒಂದೊಂದು ಜಗಳದಿಂದ ಹುಟ್ಟಿದವು. ಅಪ್ಪಯ್ಯಣ್ಣ ದನದ ವ್ಯಾಪಾರದ ರೂಢಿಯಲ್ಲಿ ಟವೆಲ್ಲಿನ ಕೆಳಗೆ ಪಕ್ಕದವನ ಬೆರಳು ಹಿಡಿದು ಪಣ ಹೇಳುತ್ತಿದ್ದ. ಅವನು ಹಿಡಿದದ್ದು ಎಷ್ಟು ಬೆರಳು ಎಂದು ಪಕ್ಕದವನಿಗೆ ಬಿಟ್ಟರೆ ದೇವರಿಗೂ ಗೊತ್ತಿರಲಿಲ್ಲ. ಆದ್ದರಿಂದ ಪಣವನ್ನು ಬಾಯಿಬಿಟ್ಟು ಹೇಳಬೇಕು, ಹೇಳಿದ ಮಾತು ಹೇಳಿದ ಹಾಗೆಯೇ. ಹೇಳುವಾಗ ತಲೆಯ ಮೇಲೆ ವಿಮಾನ ಹೋದರೆ? ಹತ್ತು ನಿಮಿಷಕ್ಕೊಂದು ಹೋಗುತ್ತಲೇ ಇರುತ್ತದೆ. ವಿಮಾನದ ಸದ್ದಿನಲ್ಲಿ ಆಡಿದ ಮಾತು ಲೆಕ್ಕಕ್ಕಿಲ್ಲ, ಸದ್ದು ಅಡಗಿದ ಮೇಲೆ ಮತ್ತೆ ಹೇಳಬೇಕು ಎಂದು ಬೈರಣ್ಣ ಬರೆದುಕೊಂಡ.

ಎಲ್ಲಕ್ಕಿಂತ ದೊಡ್ಡ ನಿಯಮ ಹುಟ್ಟಿದ್ದು ಉಮಾಶಂಕರನಿಂದ. ಬೈರಣ್ಣನ ಚಿಕ್ಕಪ್ಪನ ಮಗ, ದೇವನಹಳ್ಳಿಯಲ್ಲಿ ಸೈಟು ಮಾರಿಸುವ ದಲ್ಲಾಳಿ. ಗಿರಾಕಿಯ ಮುಂದೆ ಒಂದು ಮಾತು ಆಡಿ, ಅವನ ಮುಖ ನೋಡಿ, ಆಮೇಲೆ ಇನ್ನೊಂದು ಮಾತು ಸೇರಿಸುವುದು ಅವನ ಕಸುಬು. ಇಲ್ಲಿಯೂ ಅದನ್ನೇ ಮಾಡಿದ. ಇಪ್ಪತ್ತು ಬೀಜ ಮುಂದಕ್ಕೆ ತಳ್ಳುವುದು, ಎದುರಿನವರ ಮುಖ ಬಾಡಿತೋ ಅರಳಿತೋ ನೋಡುವುದು, ಬಾಡಿದರೆ "ಮೇಲೆ ಹತ್ತು" ಎಂದು ಮತ್ತೆ ತಳ್ಳುವುದು. ಇದು ಅನ್ಯಾಯ ಎಂದು ಶಾಮಲಾ ಕೂಗಾಡಿದಳು. ಆಗ ಬಂದದ್ದು ಮೂರನೆಯ ನಿಯಮ: ಪಣ ಒಂದೇ ಕೈ, ಒಂದೇ ಸಲ. ಎರಡನೆಯ ಸಲ ಹಾಕಿದ್ದಕ್ಕೆ ಬೆಲೆಯಿಲ್ಲ, ಹಾಕಿದವರಿಗೆ ವಾಪಸ್ಸು.

ನಿಯಮ ಬಂದದ್ದು ಉಮಾಶಂಕರನಿಗಾಗಿ, ಹೊಡೆತ ಬಿದ್ದದ್ದು ಆದಿಲಕ್ಷ್ಮಮ್ಮನಿಗೆ. ಅವಳ ತವರು ಚನ್ನರಾಯಪಟ್ಟಣದ ಕಡೆ. ತಾಯಿ ಅಂಜಿನಮ್ಮ ಸಂತೆಯಲ್ಲಿ ಅವರೆಕಾಯಿ, ಸೊಪ್ಪು ಮಾರಿ ಮಕ್ಕಳನ್ನು ಸಾಕಿದವಳು. ತಕ್ಕಡಿಯಲ್ಲಿ ತೂಗಿ ಹಾಕಿದ ಮೇಲೆ ಒಂದು ಹಿಡಿ ಕೊಸರು ಹಾಕದೆ ಆ ಮನೆಯವರ ಕೈ ಹಿಂದಕ್ಕೆ ಬರುವುದಿಲ್ಲ. ಆದಿಲಕ್ಷ್ಮಮ್ಮ ಅನ್ನ ಬಡಿಸಿದರೂ ಅಷ್ಟೆ, ಸಾಲ ಕೊಟ್ಟ ಸಕ್ಕರೆ ಹಿಂದಿರುಗಿಸಿದರೂ ಅಷ್ಟೆ. ಹತ್ತು ಬೀಜದ ಪಣಕ್ಕೆ ಹತ್ತು ಎಣಿಸಿ ಇಟ್ಟು, ಕೈ ತಾನಾಗಿ ಹಿಂದೆ ಹೋಗಿ ಎರಡು ಬೀಜ ತಂದು ಮೇಲೆ ಉದುರಿಸಿ ಬರುತ್ತಿತ್ತು.

"ಪಣ ಏರಿಸಿದ್ಯಾ ಅಮ್ಮ?" ಎಂದು ಎಲೆ ಹಂಚುವ ಶಾಮಲಾ ಕೇಳುವಳು.

"ಇಲ್ಲ ಕಣೇ, ಕೊಸರು."

"ಕೊಸರಿಗೆ ಲೆಕ್ಕವಿಲ್ಲ. ವಾಪಸ್ ತಗೋ" ಎಂದು ಬೈರಣ್ಣ ಗಂಭೀರವಾಗಿ ನುಡಿಯುವನು. ಉಮಾಶಂಕರ ಹಾಕುವುದು ಕುತಂತ್ರದಿಂದ, ಹೆಂಡತಿ ಹಾಕುವುದು ಅಭ್ಯಾಸದಿಂದ ಎಂದು ಅವನಿಗೆ ಗೊತ್ತಿತ್ತು. ಆದರೆ ನಿಯಮ ನೋಡುವುದು ಕೈಯನ್ನು, ಮನಸ್ಸನ್ನಲ್ಲ ಎಂದು ಅವನ ವಾದ. ಈ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಮೊದಲ ಎರಡು ವರ್ಷವೂ ಕಪ್ಪು ಹೋದದ್ದು ಉಮಾಶಂಕರನಿಗೆ. ಅವನು ಅದನ್ನು ದೇವನಹಳ್ಳಿಯ ಆಫೀಸಿನ ಮೇಜಿನ ಮೇಲಿಟ್ಟು, ಬಂದ ಗಿರಾಕಿಗಳಿಗೆಲ್ಲ ತಾಲ್ಲೂಕಿಗೇ ಮೊದಲನೇ ದಲ್ಲಾಳಿ ಎಂದು ತನಗೆ ಕೊಟ್ಟದ್ದು ಎನ್ನುತ್ತಿದ್ದ. ಇದು ಕಿವಿಗೆ ಬಿದ್ದಾಗ ಆದಿಲಕ್ಷ್ಮಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅವರ ಮನೆಯ ಶೋಕೇಸಿನಲ್ಲಿ ಐದು ಫಲಕಗಳಿದ್ದವು. ಐದರಲ್ಲೂ 'ಉತ್ತಮ ಕಾರ್ಯದರ್ಶಿ ಬೈರಣ್ಣನವರಿಗೆ' ಎಂದೇ ಇತ್ತು. ವಾರವಾರವೂ ಅವುಗಳ ಧೂಳು ಒರೆಸುವವಳು ಅವಳು. ತನ್ನದೆಂದು ಹೇಳಿಕೊಳ್ಳಲು ಅಲ್ಲಿದ್ದದ್ದು ತಾನೇ ಹೆಣೆದ ಮಣಿಯ ಗಿಳಿ ಒಂದೇ. ಮೂರನೆಯ ವರ್ಷ ಆ ಗಿಳಿಯನ್ನು ಪಕ್ಕಕ್ಕೆ ಸರಿಸಿ, ಕಪ್ಪಿಗೆ ಜಾಗ ಮಾಡಿಟ್ಟು, ಆಮೇಲೆ ಆಡಲು ಕೂತಳು.

ಆ ಭಾನುವಾರ ಅವಳು ಆಡಿದ ಆಟವನ್ನು ಊರು ಇನ್ನೂ ಮರೆತಿಲ್ಲ. ಹನ್ನೊಂದು ಗಂಟೆಗೆ ಅಪ್ಪಯ್ಯಣ್ಣ ಔಟು, ಹನ್ನೆರಡಕ್ಕೆ ಅಂಗನವಾಡಿಯ ಗಂಗಲಕ್ಷ್ಮಮ್ಮ ಔಟು. ಸೋತವರು ಮನೆಗೆ ಹೋಗದೆ ಅಲ್ಲೇ ಕುಕ್ಕರಿಸಿ ನೋಡತೊಡಗಿದರು. ಮೂರು ಗಂಟೆಗೆ ಉಳಿದವರು ಇಬ್ಬರೇ, ಆದಿಲಕ್ಷ್ಮಮ್ಮ ಮತ್ತು ಉಮಾಶಂಕರ. ಅಷ್ಟರಲ್ಲಿ ಕೊಸರಿಗಾಗಿ ಬೈರಣ್ಣ ಅವಳನ್ನು ಐದು ಸಲ ಗದರಿದ್ದ, ಐದು ಸಲವೂ ಬೀಜ ವಾಪಸ್ಸು ಕೊಡಿಸಿದ್ದ. ಉಮಾಶಂಕರನಿಗೂ ಒಂದು ಸಲ ಕೊಡಿಸಿದ್ದ. ಅವನು ಹಲ್ಲು ಕಿರಿದು, "ರೂಲ್ಸ್ ಅಂದ್ರೆ ರೂಲ್ಸು ಕಣಣ್ಣ, ನಾನು ಒಪ್ದೆ" ಎಂದಿದ್ದ.

ಆಟ ಬೇಗ ಮುಗಿಯಲೆಂದು ಕೊನೆಗೆ ಒಂದೊಂದು ಆಟಕ್ಕೂ ತಲಾ ನಾಲ್ಕು ಬೀಜ ಕಡ್ಡಾಯವಾಗಿ ಹಾಕಬೇಕಿತ್ತು. ಇಬ್ಬರ ಮುಂದೆಯೂ ಹೆಚ್ಚುಕಡಿಮೆ ಸಮಸಮ ಬೀಜ. ಆಗ ಬಂತು ಆ ಆಟ. ಆದಿಲಕ್ಷ್ಮಮ್ಮನ ಕೈಯಲ್ಲಿ ರಾಜ ಮತ್ತು ಐದು. ನಡುವೆಯೂ ಒಂದು ರಾಜ, ಒಂದು ಐದು. ಎರಡು ಜೋಡಿ! ಅವಳ ಮುಖ ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿಯಾಗಿತ್ತು. ಕಂತು ಕಂತಿಗೂ ಪಣ ಏರಿತು. ಕೊನೆಯ ಎಲೆ ಬಿದ್ದಾಗ ಅವಳ ಮುಂದೆ ಉಳಿದದ್ದು ಎಂಬತ್ತನಾಲ್ಕು ಬೀಜ.

"ಎಂಬತ್ತು" ಎಂದ ಉಮಾಶಂಕರ, ಒಂದೇ ಕೈಯಲ್ಲಿ ತಳ್ಳುತ್ತ.

ಆದಿಲಕ್ಷ್ಮಮ್ಮ ಉಸಿರು ಎಳೆದುಕೊಂಡಳು. "ಎಂಬತ್ತಕ್ಕೆ ಎಂಬತ್ತು" ಎಂದಳು. ಹತ್ತರ ಎಂಟು ಗುಡ್ಡೆ ಮಾಡಿ ಎರಡೂ ಕೈಯಿಂದ ಬಳಸಿ ಮುಂದಕ್ಕೆ ಸರಿಸಿದಳು. ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ಅಂಜಿನಮ್ಮನ ಮಗಳ ಕೈ, ಕೇಳೀತೆ? ಬಲಗೈ ಹಿಂದೆ ಹೋಯಿತು, ಉಳಿದ ನಾಲ್ಕು ಬೀಜ ಹಿಡಿಯಿತು, ಗುಡ್ಡೆಯ ಮೇಲೆ ಉದುರಿಸಿತು.

ಉಮಾಶಂಕರ ಇದಕ್ಕಾಗಿಯೇ ಕಾದಿದ್ದವನ ಹಾಗೆ ತಾನೂ ನಾಲ್ಕು ಬೀಜ ಎಸೆದು, ಪಟ್ಟನೆ ಎಲೆ ತೆರೆದ. ಅವನ ಕೈಯಲ್ಲಿ ಎರಡು ಒಂಬತ್ತು, ನಡುವೆ ಒಂದು ಒಂಬತ್ತು. ಮೂರು ಒಂಬತ್ತರ ಮುಂದೆ ಎರಡು ಜೋಡಿ ಸೋತಿತು.

"ಮುಗೀತು! ಅತ್ತಿಗೆ ಹತ್ರ ಒಂದ್ ಬೀಜಾನೂ ಇಲ್ಲ. ಶಾಮಲಾ, ಕಪ್ ಕೊಡವ್ವ."

"ತಡಿ" ಎಂದಳು ಆದಿಲಕ್ಷ್ಮಮ್ಮ. ಮುಖದ ಬಣ್ಣ ಇಳಿದಿತ್ತು, ದನಿ ಇಳಿದಿರಲಿಲ್ಲ. "ಎಂಬತ್ತು ಸೋತೆ, ಒಪ್ದೆ. ಆ ನಾಲ್ಕು ಕೊಸರು. ನಂಗೆ ವಾಪಸ್ ಬರ್ಬೇಕು. ನಾಲ್ಕಿದ್ರೆ ನಾನಿನ್ನೂ ಆಟದಲ್ಲಿದೀನಿ."

ಚಪ್ಪರದಲ್ಲಿ ಗದ್ದಲವೆದ್ದಿತು. "ಕೈಯಾರೆ ಹಾಕಿದ್ದಲ್ವಾ" ಎಂದರು ಕೆಲವರು. "ಬೆಳಗ್ಗಿಂದ ವಾಪಸ್ ಕೊಡ್ತಾ ಬಂದಿಲ್ವಾ" ಎಂದರು ಕೆಲವರು. ಎಲ್ಲರೂ ಕೊನೆಗೆ ಬೈರಣ್ಣನ ಕಡೆ ತಿರುಗಿದರು. ಗಂಗಲಕ್ಷ್ಮಮ್ಮ ಪಕ್ಕದವಳ ಕಿವಿಯಲ್ಲಿ, ಆದರೆ ಹತ್ತು ಜನಕ್ಕೆ ಕೇಳುವಂತೆ, "ಮನೆಯೋಳಲ್ವಾ, ಬಿಟ್ಕೊಡ್ತಾನಾ?" ಎಂದಳು.

ಆ ಮಾತು ಬೈರಣ್ಣನಿಗೂ ಕೇಳಿಸಿತು. ನಿಯಮ ಏನೆಂದು ಅವನಿಗೆ ಗೊತ್ತಿರಲಿಲ್ಲವೇ? ಬರೆದವನೇ ಅವನು. ಆದರೆ ಅವನ ಬದುಕಿನಲ್ಲಿ ಇಂಥ ಇಕ್ಕಟ್ಟು ಹಿಂದೆ ಬಂದಿರಲಿಲ್ಲ. ನ್ಯಾಯವೆಂದರೆ ತನ್ನ ಮನೆಗೆ ನಷ್ಟವಾಗುವುದು ಎಂದೇ ಅವನು ತಿಳಿದಿದ್ದ, ನಷ್ಟವಾದ ಕೂಡಲೇ ಜನ ತಲೆದೂಗುತ್ತಿದ್ದರು. ಇವತ್ತು ನೋಡಿದರೆ ನ್ಯಾಯ ಹೋಗಿ ಹೆಂಡತಿಯ ಪಕ್ಕದಲ್ಲಿ ಕೂತುಬಿಟ್ಟಿದೆ! ಅವನ ಕಿವಿ ಕೆಂಪಾಯಿತು.

"ಹಾಕಿದ್ದು ಹಾಕಿದಂಗೆ" ಎಂದುಬಿಟ್ಟ. "ಆದಿಲಕ್ಷ್ಮಿ ಔಟು."

ಒಂದಿಬ್ಬರು ಚಪ್ಪಾಳೆಗೆ ಕೈ ಎತ್ತಿದರು. ಆದಿಲಕ್ಷ್ಮಮ್ಮ ಕೂಗಾಡಲಿಲ್ಲ, ಅಳಲಿಲ್ಲ. ಎದ್ದು ಸೆರಗು ಕೊಡವಿಕೊಂಡು ಗಂಡನ ಮುಂದೆ ನಿಂತಳು.

"ಒಂದ್ ಮಾತು ಕೇಳ್ತೀನಿ, ಹೇಳ್ರಿ. ನನ್ ಜಾಗದಲ್ಲಿ ಈ ಗಂಗಲಕ್ಷ್ಮಮ್ಮ ಕೂತಿದ್ದು, ಅವಳ ಕೈ ಆ ನಾಲ್ಕು ಬೀಜ ಹಾಕಿದ್ರೆ, ಏನಂತಿದ್ರಿ?"

ಬೈರಣ್ಣ ಬಾಯಿ ತೆರೆದ. ಉತ್ತರ ಅವನ ನಾಲಗೆಯ ತುದಿಯಲ್ಲೇ ಇತ್ತು, ಯೋಚಿಸಬೇಕಾಗಿಯೇ ಇರಲಿಲ್ಲ. ವಾಪಸ್ ತಗೊಳ್ಳಮ್ಮ ಅನ್ನುತ್ತಿದ್ದ. ನಗುನಗುತ್ತ ಅನ್ನುತ್ತಿದ್ದ. ಊರಿನ ಯಾವ ಹೆಂಗಸಿಗೂ ಇಲ್ಲ ಅನ್ನದ ನಾಲ್ಕು ಬೀಜವನ್ನು ತಾನು ಕಟ್ಟಿಕೊಂಡವಳಿಗೆ ಮಾತ್ರ ಇಲ್ಲ ಅಂದಿದ್ದ, ಅದೂ ನಾಲ್ಕು ಜನ ತಲೆದೂಗಲಿ ಎಂದು. ಇದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ನಾಚಿಕೆಯಿಂದ ಅವನ ಕತ್ತು ತನಗೆ ತಾನೇ ಬಗ್ಗಿತು.

"ಕೊಡು ಶಾಮಲಾ" ಎಂದ ಸಣ್ಣಗೆ. "ನಾಲ್ಕು ಬೀಜ ಅಮ್ಮಂಗೆ ಕೊಡು."

"ಏ, ಏನಣ್ಣ ಇದು!" ಉಮಾಶಂಕರ ಚಾಪೆಯಿಂದ ಎದ್ದೇಬಿಟ್ಟ. "ಔಟು ಅಂದ್ಯಲ್ಲ ಈಗ? ಬಾಯಲ್ಲಿ ಹೇಳಿದ್ದು ಹೇಳಿದಂಗೆ ಅಂತ ನೀನೇ ಅಲ್ವಾ ಬರ್ದಿರಾದು?"

ಈಟಿ ನೇರವಾಗಿ ಬಂದು ನಾಟಿತು. ಜನ ಓಹೋ ಎಂದರು. ಆಗ ಮೂಲೆಯಿಂದ ಅಪ್ಪಯ್ಯಣ್ಣ ಕೆಮ್ಮಿದ. ಅವನಿಗೆ ಬೆಳಗ್ಗೆ ಆದಿಲಕ್ಷ್ಮಮ್ಮ ಕೊಟ್ಟ ಉಪ್ಪಿಟ್ಟಿನ ಋಣವಿತ್ತು. "ಲೇ, ಬೈರ ಹೇಳುವಾಗ ಮೇಲೆ ವಿಮಾನ ಹೋಗ್ತಿತ್ತಲ್ವೇನ್ಲಾ? ನಂಗಂತೂ ಏನೂ ಕೇಳ್ಲಿಲ್ಲಪ್ಪ. ವಿಮಾನದ ಮಾತು ಲೆಕ್ಕಕ್ಕಿಲ್ಲ."

ಎಲ್ಲರೂ ಒಟ್ಟಿಗೆ ಮೇಲೆ ನೋಡಿದರು. ಆಕಾಶದಲ್ಲಿ ಒಂದು ಹದ್ದೂ ಇರಲಿಲ್ಲ. ಆದರೂ ಎಂಥ ಒಳ್ಳೆಯ ದಾರಿ! ಹೂಂ ಅಂದುಬಿಟ್ಟರೆ ಹೆಂಡತಿಯೂ ಉಳಿಯುತ್ತಾಳೆ, ಮಾನವೂ ಉಳಿಯುತ್ತದೆ. ಶಾಮಲಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ವಿಮಾನ ಇರ್ಲಿಲ್ಲ ಅಪ್ಪಯ್ಯಣ್ಣ" ಎಂದ ಬೈರಣ್ಣ. "ನಾನು ಹೇಳ್ದೆ, ಎಲ್ರಿಗೂ ಕೇಳುಸ್ತು. ತಪ್ಪು ಹೇಳ್ದೆ. ಆಡೋರ ಮಾತು ಹೇಳಿದಂಗೆ ನಿಲ್ಬೇಕು. ತೀರ್ಪು ಹೇಳೋನು ತಪ್ಪು ಹೇಳಿದ್ರೆ ತಿದ್ಕೊಬೇಕು. ಅದನ್ನ ನಾನು ಬರ್ದಿರ್ಲಿಲ್ಲ, ಈಗ ಬರ್ಕೊತೀನಿ."

"ಹೆಂಡ್ತಿ ಕಡೆ ಸೆಕ್ರೆಟ್ರಿ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಹೂಂ ಕಣಪ್ಪ, ಹಂಗೇ ಅನ್ನಿ" ಎಂದ ಬೈರಣ್ಣ. ನಿಯಮದ ಪುಸ್ತಕ ತೆಗೆದು ನಿಂತುಕೊಂಡೇ ಬರೆದ. ಉಮಾಶಂಕರ ಗೊಣಗುತ್ತ ಮತ್ತೆ ಕೂತ. ಅವನ ಮುಂದೆ ಮುನ್ನೂರ ತೊಂಬತ್ತಾರು ಬೀಜ, ಅವಳ ಮುಂದೆ ನಾಲ್ಕು. ಅದಕ್ಕೆ ಹೆದರುವುದೇನಿದೆ ಎಂದುಕೊಂಡಿರಬೇಕು.

ಹೆದರಬೇಕಾಯಿತು. ಕಡ್ಡಾಯಕ್ಕೇ ಹೋದ ಆ ನಾಲ್ಕು ಬೀಜ ಎಂಟಾಗಿ ಬಂದವು. ಎಂಟು ಹದಿನಾರಾಯಿತು, ಹದಿನಾರು ಮೂವತ್ತೆರಡಾಯಿತು. ಗಂಗಲಕ್ಷ್ಮಮ್ಮ ಪಕ್ಷ ಬದಲಿಸಿ, "ಬಿಡ್ಬೇಡ ಕಣಕ್ಕ!" ಎಂದು ಕಿರುಚತೊಡಗಿದಳು. ಅರವತ್ತನಾಲ್ಕಾದಾಗ ಉಮಾಶಂಕರನ ಹಣೆಯ ಮೇಲೆ ಬೆವರು ಮೂಡಿತು. ಹಟ್ಟಿಯಲ್ಲಿ ಹಸುಗಳು ಕರೆಯುತ್ತಿದ್ದವು, ಯಾರೂ ಕಿವಿಗೊಡಲಿಲ್ಲ. ಬೈರಣ್ಣ ತೀರ್ಪುಗಾರನೆಂಬುದನ್ನು ಮರೆತು ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ನೋಡುತ್ತಿದ್ದ.

ಮುಂದಿನ ಆಟದಲ್ಲಿ ಅವಳಿಗೆ ಎರಡು ರಾಣಿ ಬಂದವು. ನಡುವಿನ ನಾಲ್ಕು ಎಲೆ ತೆರೆದಿದ್ದವು, ಉಮಾಶಂಕರನಿಗೆ ಒಂದರ ಹಿಂದೊಂದು ಐದು ಎಲೆಯ ಸಾಲು ಕೂಡಲು ಇನ್ನೊಂದೇ ಎಲೆ ಬೇಕಿತ್ತು. ಆದಿಲಕ್ಷ್ಮಮ್ಮ ಎಲೆ ಬಿಟ್ಟು ಕೂರಬಹುದಿತ್ತು. ಅವಳು ಎರಡು ಕ್ಷಣ ಯೋಚಿಸಿ, "ಎಲ್ಲಾ" ಎಂದು, ಇದ್ದ ಬೀಜವನ್ನೆಲ್ಲ ಎರಡೂ ಕೈಯಿಂದ ಒಂದೇ ಸಲಕ್ಕೆ ಮುಂದೆ ತಳ್ಳಿದಳು. ಈ ಸಲ ಕೈ ಹಿಂದಕ್ಕೆ ಹೋಗಲು ಅಲ್ಲಿ ಒಂದು ಬೀಜವೂ ಉಳಿದಿರಲಿಲ್ಲ. ಶಾಮಲಾ ಐದನೆಯ ಎಲೆ ತೆರೆದಳು. ಉಮಾಶಂಕರನ ಸಾಲು ಕೂಡಿಕೊಂಡಿತು, ಜೋಡಿ ರಾಣಿ ಸೋತವು.

ಮೂರನೆಯ ಸಲವೂ ಕಪ್ಪು ಅವನಿಗೇ ಹೋಯಿತು. ಅವನು ಅದನ್ನು ಎತ್ತಿಕೊಂಡು ಹೋದದ್ದನ್ನು ಯಾರೂ ಸರಿಯಾಗಿ ನೋಡಲಿಲ್ಲ. ಜನರೆಲ್ಲ ಆದಿಲಕ್ಷ್ಮಮ್ಮನ ಸುತ್ತ ನಿಂತು ನಾಲ್ಕು ಬೀಜ ಅರವತ್ತನಾಲ್ಕಾದ ಕತೆಯನ್ನು ಅವಳಿಗೇ ಹೇಳುತ್ತಿದ್ದರು. ಅವಳು ಅವರನ್ನೆಲ್ಲ ಸರಿಸಿಕೊಂಡು ಹಟ್ಟಿಗೆ ನಡೆದಳು, ಹಾಲು ಕರೆಯುವ ಹೊತ್ತು ಮೀರಿತ್ತು.

ಬೈರಣ್ಣ ಅವಳ ಹಿಂದೆಯೇ ಹೋದ. ಹಸುವಿನ ಬೆನ್ನು ಸವರಿದ.

"ಆ ಒಂದು ಆಟ ಬಿಟ್ಟಿದ್ರೆ ಉಳ್ಕೊಂತಿದ್ದೆ ಕಣೇ" ಎಂದ ಕೊನೆಗೆ. "ಬೇಜಾರಾಯ್ತಾ?"

ಆದಿಲಕ್ಷ್ಮಮ್ಮ ಕೆಚ್ಚಲಿಗೆ ನೀರು ಚಿಮುಕಿಸಿ, ಪಾತ್ರೆಯನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡಳು. ಅವಳ ಮುಖದಲ್ಲಿ ನಗುವಿತ್ತು. ಆ ಮುಖದಲ್ಲಿ ಇದ್ದದ್ದು ಇದ್ದ ಹಾಗೆ ಕಾಣಿಸಿದ್ದು ಅವನಿಗೆ ಹೊಸದು.

"ಯಾಕ್ರೀ ಬೇಜಾರು? ಈ ಮನೇಗ್ ಬಂದಾಗಿನಿಂದ ನಾನೇನೇನ್ ಕಳ್ಕೊಂಡಿದೀನೋ, ಎಲ್ಲಾ ನೀವು ಬಿಟ್ಕೊಟ್ಟಿದ್ದು. ಇವತ್ತು ಬಿಡೋದಾ ಬೇಡ್ವಾ ಅಂತ ನಾನೇ ಯೋಚ್ನೆ ಮಾಡ್ದೆ, ನಾನೇ ಆಡ್ದೆ, ನಾನೇ ಸೋತೆ. ಎಷ್ಟು ಹಗುರ ಅನ್ನಿಸ್ತದೆ ಗೊತ್ತಾ?"

ಹಾಲಿನ ಮೊದಲ ಧಾರೆ ಪಾತ್ರೆಯ ತಳಕ್ಕೆ ಸದ್ದು ಮಾಡಿ ಬಿತ್ತು. ಬೈರಣ್ಣ, ಅವಳು ಕರೆದು ಮುಗಿಸುವ ತನಕ ಅಲ್ಲೇ ಕರುವನ್ನು ಹಿಡಿದುಕೊಂಡು ನಿಂತಿದ್ದ.